ಸಾಹಿತ್ಯ ಚರಿತ್ರೆಯ ಯುಗವಿಭಜನೆ: ತತ್ತ್ವಶಾಸ್ತ್ರದಿಂದ ನಮಗೆ ದೊರೆಯುವುದೇನು?

ಪ್ರಶ್ನೆ: ಪದವಿ ಕಾಲೇಜಿನ ಕನ್ನಡ ಅಧ್ಯಾಪಕಿ, ಧಾರವಾಡ

ಮಾನ್ಯರೇ, ಪದವಿ ತರಗತಿಗಳಿಗೆ ಕನ್ನಡ ಸಾಹಿತ್ಯ ಚರಿತ್ರೆಯನ್ನು ಪಾಠ ಮಾಡುವವಳು ನಾನು. ಮೊದಲು ಜೈನಯುಗ, ವೀರಶೈವಯುಗ, ಬ್ರಾಹ್ಮಣಯುಗ ಎಂಬ ಹಳೆಯ ವಿಭಜನೆಯನ್ನು ಹೇಳುತ್ತೇನೆ, ಆಮೇಲೆ ರಂ.ಶ್ರೀ. ಮುಗಳಿಯವರು 1953ರಲ್ಲಿ ಪ್ರಕಟವಾದ ತಮ್ಮ ‘ಕನ್ನಡ ಸಾಹಿತ್ಯ ಚರಿತ್ರೆ’ಯಲ್ಲಿ ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದು ಮಾಡಿಕೊಂಡ ವಿಭಜನೆಯನ್ನು ವಿವರಿಸುತ್ತೇನೆ. ವಿದ್ಯಾರ್ಥಿಗಳು ಎರಡನ್ನೂ ಬರೆದುಕೊಂಡು ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಈ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿನಿ ಮಾತ್ರ ಇವೆರಡರಲ್ಲಿ ಯಾವುದು ನಿಜ ಎಂದು ನೇರವಾಗಿ ಕೇಳಿದಳು. ಎರಡೂ ಅಧ್ಯಯನದ ಅನುಕೂಲಕ್ಕೆ ಮಾಡಿಕೊಂಡವು ಎಂಬುದು ರೂಢಿಯಲ್ಲಿರುವ ಉತ್ತರ. ಆದರೆ ಯಾರ ಅನುಕೂಲ, ಯಾವ ಕೆಲಸಕ್ಕೆ ಅನುಕೂಲ ಎಂದು ಹೇಳದಿದ್ದರೆ ಆ ಉತ್ತರಕ್ಕೆ ಅರ್ಥವೇ ಇರುವುದಿಲ್ಲ.

ಮತಧರ್ಮದ ಹೆಸರಿನ ವಿಭಜನೆಯ ತೊಡಕುಗಳು ಎಲ್ಲರಿಗೂ ಗೊತ್ತು. ‘ಜೈನಯುಗ’ದ ನಡುವೆ, 1031ರ ಸುಮಾರಿನಲ್ಲಿ, ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ (ಸಂಧಿ, ಯುದ್ಧಗಳ ಮಂತ್ರಿ) ಬ್ರಾಹ್ಮಣ ಕವಿ ದುರ್ಗಸಿಂಹ ಪಂಚತಂತ್ರವನ್ನು ಬರೆಯುತ್ತಾನೆ. ‘ವೀರಶೈವಯುಗ’ದಲ್ಲಿ ಜನ್ನ 1209ರಲ್ಲಿ ಯಶೋಧರ ಚರಿತೆಯನ್ನೂ 1230ರಲ್ಲಿ ಅನಂತನಾಥ ಪುರಾಣವನ್ನೂ ಬರೆಯುತ್ತಾನೆ. ‘ಬ್ರಾಹ್ಮಣಯುಗ’ದಲ್ಲಿ, 1557ರಲ್ಲಿ, ರತ್ನಾಕರವರ್ಣಿಯ ಭರತೇಶ ವೈಭವ ಮುಗಿಯುತ್ತದೆ. ಇವೆಲ್ಲ ಅಪವಾದಗಳೆಂದು ಹೇಳಿ ಮುಂದೆ ಹೋಗಬಹುದು. ಆದರೆ ಎಷ್ಟು ಅಪವಾದಗಳು ಸೇರಿದಾಗ ನಿಯಮವೇ ಬಿದ್ದುಹೋಗುತ್ತದೆ?

ಯುಗ ಎನ್ನುವುದು ಗತಕಾಲದಲ್ಲಿ ನಿಜವಾಗಿ ಇದ್ದುದೋ, ಚರಿತ್ರಕಾರನು ಅನಂತರ ಹೇರಿದ್ದೋ ಎಂಬುದು ಮೂಲತಃ ತತ್ತ್ವಶಾಸ್ತ್ರದ ಪ್ರಶ್ನೆ ಎಂದು ನನಗೆ ತೋರುತ್ತದೆ. ಆದರೆ ನಮ್ಮ ವಿಚಾರ ಸಂಕಿರಣಗಳಲ್ಲಿ ತತ್ತ್ವಶಾಸ್ತ್ರ ಬಂದಾಗಲೆಲ್ಲ ಚಿಂತಕರ ಹೆಸರುಗಳು ಸಾಲಾಗಿ ಬರುತ್ತವೆ, ಕಾವ್ಯ ಹಿಂದೆ ಸರಿಯುತ್ತದೆ. ಆದ್ದರಿಂದ, ಬಲ್ಲವರು ದಯವಿಟ್ಟು ಕನ್ನಡದ ಕೃತಿಗಳನ್ನೇ ಮುಂದಿಟ್ಟುಕೊಂಡು ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ 1: ಇತಿಹಾಸದ ತತ್ತ್ವಶಾಸ್ತ್ರದ ಅಧ್ಯಾಪಕ, ಮೈಸೂರು

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಒಂದು ಚಿಕ್ಕ ವಾಕ್ಯದಿಂದಲೇ ಬಿಡಿಸಲು ತೊಡಗಬಹುದು: ‘ಪಂಪ ಕನ್ನಡದ ಆದಿಕವಿ.’ ಕ್ರಿ.ಶ. 941ರಲ್ಲಿ, ಪಂಪ ಆದಿಪುರಾಣ, ವಿಕ್ರಮಾರ್ಜುನ ವಿಜಯ ಎಂಬ ತನ್ನ ಎರಡು ಕೃತಿಗಳನ್ನು ಮುಗಿಸಿದ ಹೊತ್ತಿನಲ್ಲಿ, ಅವನ ಆಶ್ರಯದಾತ ದೊರೆ ಅರಿಕೇಸರಿಯ ಆಸ್ಥಾನದ ಯಾವ ವಿದ್ವಾಂಸನಾದರೂ ಈ ವಾಕ್ಯವನ್ನು ನುಡಿಯಬಹುದಿತ್ತೇ? ನುಡಿಯುವುದು ಸಾಧ್ಯವಿರಲಿಲ್ಲ. ಅವನಿಗೆ ಪಂಪನ ಹಿಂದಿನ ಕವಿಗಳು ಗೊತ್ತಿದ್ದರು. ಒಂಬತ್ತನೆಯ ಶತಮಾನದ ಕಾವ್ಯಲಕ್ಷಣಗ್ರಂಥವಾದ ಕವಿರಾಜಮಾರ್ಗವೇ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯಕಾರರನ್ನೂ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಎಂದು ಪದ್ಯಕಾರರನ್ನೂ ಹೆಸರಿಸಿ ಸುಮಾರು ಒಂದು ಶತಮಾನವಾಗಿತ್ತು. ಪಂಪ ಆದಿಕವಿಯಾಗುವುದು ಅವನ ಹಿಂದಿನವರ ಕಾವ್ಯಗಳು ಅಳಿದುಹೋದ ಮೇಲೆ, ಅವನ ಮುಂದಿನವರು ಗದ್ಯಪದ್ಯಗಳು ಬೆರೆತ ಅವನ ಚಂಪೂಮಾರ್ಗವನ್ನು ಹಿಡಿದ ಮೇಲೆ.

ಅಮೆರಿಕದ ತತ್ತ್ವಶಾಸ್ತ್ರಜ್ಞ ಆರ್ಥರ್ ಡಾಂಟೋ 1965ರ ತಮ್ಮ ಗ್ರಂಥದಲ್ಲಿ ಇಂಥ ವಾಕ್ಯಗಳನ್ನು ಕಥನವಾಕ್ಯಗಳೆಂದು ಕರೆದು ಚರ್ಚಿಸುತ್ತಾರೆ. ಮೂವತ್ತು ವರ್ಷಗಳ ಯುದ್ಧ 1618ರಲ್ಲಿ ಆರಂಭವಾಯಿತು ಎಂಬ ವಾಕ್ಯ ಸತ್ಯವೇ ಆದರೂ 1618ರಲ್ಲಿದ್ದ ಯಾರಿಗೂ ಅದನ್ನು ಹೇಳುವುದು ಸಾಧ್ಯವಿರಲಿಲ್ಲ, ಏಕೆಂದರೆ ಆ ಯುದ್ಧ ಮೂವತ್ತು ವರ್ಷ ನಡೆಯಲಿದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಒಂದು ಘಟನೆಯನ್ನು ಅದಕ್ಕಿಂತ ಈಚಿನ ಇನ್ನೊಂದು ಘಟನೆಯ ಬೆಳಕಿನಲ್ಲಿ ವರ್ಣಿಸುವುದೇ ಈ ವಾಕ್ಯಗಳ ಲಕ್ಷಣ. ಗತಕಾಲದಲ್ಲಿ ನಡೆದುದೆಲ್ಲವನ್ನೂ ನಡೆದ ಕ್ಷಣದಲ್ಲೇ ಬರೆದಿಡುವ ಒಬ್ಬ ಆದರ್ಶ ಸಾಕ್ಷಿ ಇದ್ದರೂ ಅವನ ದಾಖಲೆಯಲ್ಲಿ ಈ ವಾಕ್ಯಗಳು ಇರಲಾರವು ಎನ್ನುವುದು ಡಾಂಟೋ ಅವರ ಮುಖ್ಯ ವಾದ. ನಮ್ಮ ಸಾಹಿತ್ಯ ಚರಿತ್ರೆಗಳನ್ನು ತೆರೆದು ನೋಡಿ: ಮೊದಲಿಗ, ಪ್ರವರ್ತಕ, ಹರಿಕಾರ, ಸಂಧಿಕಾಲದ ಕವಿ, ಪರಂಪರೆಯ ಕೊನೆಯ ಕೊಂಡಿ ಎಂಬಂಥ ಬಣ್ಣನೆಗಳೆಲ್ಲ ಇದೇ ಜಾತಿಗೆ ಸೇರಿದವು.

ಹಾಗೆಂದ ಮಾತ್ರಕ್ಕೆ ಅವು ಸುಳ್ಳಲ್ಲ. ಅವಕ್ಕೂ ಒಂದು ಕಾಲವಿದೆ, ಒಂದು ನಿಲುವಿದೆ ಎಂಬುದಷ್ಟೇ ನನ್ನ ಮಾತು. ಪಂಪ, ಪೊನ್ನ, ರನ್ನ ಈ ಮೂವರು ‘ರತ್ನತ್ರಯ’ ಎಂಬ ಮಾತನ್ನು ನಾವು ಸಾಹಿತ್ಯ ಚರಿತ್ರೆಯ ಸಂಗತಿಯೆಂಬಂತೆ ಕಲಿಯುತ್ತೇವೆ. ಆದರೆ ಆ ಮಾತು 993ರ ಅಜಿತಪುರಾಣದಲ್ಲಿ ಸ್ವತಃ ರನ್ನನೇ ಆಡಿದ್ದು. ಜೈನಧರ್ಮದ ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರಗಳೆಂಬ ರತ್ನತ್ರಯವನ್ನು ನೆನಪಿಗೆ ತರುವಂತೆ, ತನ್ನನ್ನು ಮೂರನೆಯವನಾಗಿ ಸೇರಿಸಿಕೊಂಡು, ಅವನು ಒಂದು ಪರಂಪರೆಯನ್ನು ಕಟ್ಟುತ್ತಿದ್ದಾನೆ. ಅಂದರೆ ಸಾಹಿತ್ಯ ಚರಿತ್ರೆಯ ಬರವಣಿಗೆ ಕನ್ನಡದಲ್ಲಿ ಆರ್. ನರಸಿಂಹಾಚಾರ್ಯರ ಕವಿಚರಿತೆಯ ಮೊದಲ ಸಂಪುಟ ಬಂದ 1907ರಲ್ಲಿ ಶುರುವಾದದ್ದಲ್ಲ. ಕಾವ್ಯಗಳ ಆರಂಭದ ಪೂರ್ವಕವಿಸ್ಮರಣೆಯ ಪದ್ಯಗಳಲ್ಲೇ ಅದು ನಡೆಯುತ್ತಿತ್ತು.

ಯುಗದ ವಿಚಾರಕ್ಕೆ ಬರುವುದಾದರೆ, ಒಂದು ಕಾಲಕ್ಕೆ ಒಂದೇ ಚೈತನ್ಯ, ಆ ಕಾಲದ ಮತ, ರಾಜ್ಯ, ಕಲೆ, ಕಾವ್ಯಗಳೆಲ್ಲ ಅದರ ಅಭಿವ್ಯಕ್ತಿಗಳು ಎಂಬ ಹೆಗಲ್‌ನ ಇತಿಹಾಸದರ್ಶನ ಹತ್ತೊಂಬತ್ತನೆಯ ಶತಮಾನದ ಯುರೋಪಿನ ಸಾಹಿತ್ಯ ಚರಿತ್ರೆಗಳ ಬೆನ್ನೆಲುಬಾಗಿತ್ತು. ಇ.ಪಿ. ರೈಸ್ 1915ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ಸಾಹಿತ್ಯ ಚರಿತ್ರೆ ಕ್ರೈಸ್ತ ಮಿಷನರಿ ವಲಯದಿಂದ ಬಂದದ್ದು. ಭಾರತದ ಸಾಹಿತ್ಯವನ್ನು ಮತಧರ್ಮಗಳ ಪ್ರಕಾರ ಓದುವುದು ಆ ವಲಯಕ್ಕೆ ಸಹಜವಾಗಿತ್ತು. ಮುಗಳಿಯವರು ಮತದ ಹೆಸರುಗಳನ್ನು ಬಿಟ್ಟು ಕವಿಗಳ ಹೆಸರುಗಳನ್ನು ತೆಗೆದುಕೊಂಡದ್ದು ದೊಡ್ಡ ಹೆಜ್ಜೆ ಎಂದು ನಾನು ಗೌರವದಿಂದಲೇ ಹೇಳುತ್ತೇನೆ. ಆದರೂ ಕಾಲವೊಂದಕ್ಕೆ ಒಂದು ಪ್ರಧಾನ ಚೈತನ್ಯವಿದೆ, ಮಹಾಕವಿಯಲ್ಲಿ ಅದು ಮೂರ್ತಿಗೊಳ್ಳುತ್ತದೆ ಎಂಬ ಒಳಗಿನ ನಂಬಿಕೆ ಹಾಗೆಯೇ ಉಳಿಯಿತು. ಯಾವುದು ನಿಜ ಎಂಬ ಪ್ರಶ್ನೆಗಿಂತ ಮೊದಲು, ಈ ವಿಭಜನೆಯನ್ನು ಯಾರು, ಯಾವಾಗ, ಕಾಲದ ಬಗ್ಗೆ ಏನನ್ನು ನಂಬಿ ಮಾಡಿದರು ಎಂದು ವಿದ್ಯಾರ್ಥಿನಿ ಕೇಳುವಂತಾದರೆ ಅವಳ ಕೈಗೆ ತತ್ತ್ವಶಾಸ್ತ್ರ ಒಂದು ಉಪಕರಣವನ್ನು ಕೊಟ್ಟಂತಾಗುತ್ತದೆ.

ಉತ್ತರ 2: ಗ್ರಂಥಸಂಪಾದನೆಯಲ್ಲಿ ನಿರತನಾದ ಓದುಗ, ಬೆಂಗಳೂರು

ಮೇಲಿನ ಉತ್ತರವನ್ನು ಆಸಕ್ತಿಯಿಂದ ಓದಿದೆ. ಆದರೆ ಒಂದು ಮಾತನ್ನು ಒತ್ತಿ ಹೇಳಲೇಬೇಕಾಗಿದೆ. ಕನ್ನಡ ಸಾಹಿತ್ಯ ಚರಿತ್ರೆಯನ್ನು ಬದಲಿಸಿದ್ದು ಓಲೆಗರಿಗಳು ಮತ್ತು ಕಲ್ಲುಗಳು. ಕೆ.ಬಿ. ಪಾಠಕರು 1898ರಲ್ಲಿ ಕವಿರಾಜಮಾರ್ಗವನ್ನು ಅಚ್ಚುಮಾಡಿಸಿದರು. ಅದೇ ವರ್ಷ ಬಿ.ಎಲ್. ರೈಸ್ ಪಂಪಭಾರತವನ್ನು (ವಿಕ್ರಮಾರ್ಜುನ ವಿಜಯವನ್ನು) ಹೊರತಂದರು. ಈ ಎರಡು ಗ್ರಂಥಗಳು ಅಚ್ಚಾಗದೆ ಇದ್ದಿದ್ದರೆ ಯಾವ ತತ್ತ್ವಶಾಸ್ತ್ರವೂ ಒಂಬತ್ತು, ಹತ್ತನೆಯ ಶತಮಾನಗಳ ಚಿತ್ರವನ್ನು ನಮಗೆ ಕೊಡುತ್ತಿರಲಿಲ್ಲ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದಾಗ ಕನ್ನಡ ಬರವಣಿಗೆಯ ಇತಿಹಾಸವೇ ಹಿಂದಕ್ಕೆ ಸರಿಯಿತು. ಡಿ.ಎಲ್. ನರಸಿಂಹಾಚಾರ್ಯರು 1949ರಲ್ಲಿ ವಡ್ಡಾರಾಧನೆಯನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಹಳಗನ್ನಡ ಗದ್ಯವನ್ನು ಕುರಿತು ಬರೆಯುವ ಬಗೆಯೇ ಬೇರೆಯಾಯಿತು.

ಪಂಪನ ತಮ್ಮ ಜಿನವಲ್ಲಭನ ಶಾಸನವನ್ನೂ ನೆನೆಯಿರಿ. ಇಂದಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಇರುವ ಆ ಬರಹದಿಂದ ಪಂಪನ ಮನೆತನದ ಬಗ್ಗೆ, ಆ ಸೀಮೆಯ ಬಹುಭಾಷಿಕ ಬದುಕಿನ ಬಗ್ಗೆ ತಿಳಿದುಬಂದದ್ದು ಯಾವ ಸಿದ್ಧಾಂತದಿಂದಲೂ ತಿಳಿಯುತ್ತಿರಲಿಲ್ಲ.

ಇನ್ನೂ ಗಂಭೀರವಾದ ವಿಷಯವೆಂದರೆ ನಷ್ಟ. ಕವಿರಾಜಮಾರ್ಗ ಹೆಸರಿಸುವ ಗದ್ಯಕಾರರ ಒಂದು ಕೃತಿಯೂ ನಮಗೆ ಉಳಿದುಬಂದಿಲ್ಲ. ಅದು ಹೇಳುವ ಚತ್ತಾಣ, ಬೆದಂಡೆ ಎಂಬ ಕಾವ್ಯಪ್ರಕಾರಗಳ ಸ್ವರೂಪವನ್ನು ಲಕ್ಷಣದ ನಾಲ್ಕು ಮಾತುಗಳಿಂದ ಊಹಿಸಬೇಕಾಗಿದೆ. ಒಂದನೆಯ ಗುಣವರ್ಮನ ಕಾವ್ಯಗಳು ಉದ್ಧೃತ ಪದ್ಯಗಳಲ್ಲಿ ಮಾತ್ರ ಜೀವ ಹಿಡಿದಿವೆ. ಬಸದಿಗಳ ಭಂಡಾರಗಳಲ್ಲಿ, ಮಠಗಳಲ್ಲಿ ಜೋಪಾನವಾಗಿ ಪ್ರತಿ ಮಾಡಿಸಿಕೊಂಡವು ಉಳಿದವು, ಮಿಕ್ಕವೆಲ್ಲ ಗೆದ್ದಲಿನ ಪಾಲಾದವು. ಹತ್ತನೆಯ ಶತಮಾನ ‘ಜೈನಯುಗ’ವಾಗಿ ಕಾಣುವುದಕ್ಕೆ ಆ ಕಾಲದ ಚೈತನ್ಯ ಎಷ್ಟು ಕಾರಣವೋ ಜೈನರ ಶಾಸ್ತ್ರದಾನದ ಸಂಪ್ರದಾಯವೂ ಅಷ್ಟೇ ಕಾರಣವಾಗಿರಬಹುದು. ಪ್ರತಿ ಮಾಡಿಸಿ ಹಂಚುವುದನ್ನು ಪುಣ್ಯಕಾರ್ಯವೆಂದು ತಿಳಿದ ಸಮುದಾಯದ ಕೃತಿಗಳು ಹೆಚ್ಚಾಗಿ ಉಳಿದುಬರುವುದು ಸಹಜ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರಸಿದ್ಧಿಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು.

ಆದ್ದರಿಂದ ಮೊದಲು ಆಕರ, ಆಮೇಲೆ ದರ್ಶನ. ಈ ಕ್ರಮ ತಪ್ಪಿದರೆ ಸಿದ್ಧಾಂತಕ್ಕೆ ಒಪ್ಪುವ ಪದ್ಯಗಳನ್ನು ಮಾತ್ರ ಆರಿಸಿಕೊಳ್ಳುವ ಅಭ್ಯಾಸ ಬೆಳೆಯುತ್ತದೆ.

ಉತ್ತರ 3: ಹಳಗನ್ನಡ ಕಾವ್ಯದ ಸಂಶೋಧಕಿ, ಶಿವಮೊಗ್ಗ

ಆಕರವಿಲ್ಲದೆ ಚರಿತ್ರೆಯಿಲ್ಲ ಎಂಬ ಸಂಪಾದಕರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಆಕರ ತಾನಾಗಿ ಮಾತಾಡುವುದಿಲ್ಲ. ನಾವು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ. ಶಾಸ್ತ್ರದಾನದ ಬಗ್ಗೆ ಅವರು ಆಡಿದ ಮಾತೇ ಇದಕ್ಕೆ ಸಾಕ್ಷಿ. ಉಳಿದ ಓಲೆಗಳನ್ನು ನೋಡಿ ‘ಇವು ಏಕೆ ಉಳಿದವು’ ಎಂದು ಕೇಳಿದ್ದರಿಂದಲೇ ಅವರಿಗೆ ಆ ಹೊಳಹು ದೊರೆಯಿತು, ಆ ಪ್ರಶ್ನೆ ಓಲೆಯ ಮೇಲೆ ಬರೆದಿರಲಿಲ್ಲ.

ಇಂಗ್ಲೆಂಡಿನ ಆರ್.ಜಿ. ಕಾಲಿಂಗ್‌ವುಡ್ ತತ್ತ್ವಶಾಸ್ತ್ರಜ್ಞರೂ ಹೌದು, ರೋಮನ್ ಕಾಲದ ಬ್ರಿಟನ್ನಿನ ಅವಶೇಷಗಳನ್ನು ಅಗೆದು ಅಧ್ಯಯನ ಮಾಡಿದ ಪುರಾತತ್ತ್ವಜ್ಞರೂ ಹೌದು. 1939ರ ತಮ್ಮ ಆತ್ಮಕಥನದಲ್ಲಿ ಅವರು ಮುಂದಿಟ್ಟ ವಿಚಾರ ಸಾಹಿತ್ಯ ಚರಿತ್ರೆಗೆ ಬಹಳ ಉಪಯುಕ್ತವೆಂದು ನನ್ನ ನಂಬಿಕೆ. ಪ್ರತಿಯೊಂದು ಹೇಳಿಕೆಯೂ ಯಾವುದೋ ಪ್ರಶ್ನೆಗೆ ಕೊಟ್ಟ ಉತ್ತರ. ಆ ಪ್ರಶ್ನೆ ಯಾವುದೆಂದು ತಿಳಿಯದೆ ಹೇಳಿಕೆಯ ಅರ್ಥವಾಗಲಿ, ಅದರ ಸತ್ಯಾಸತ್ಯವಾಗಲಿ ತಿಳಿಯದು. ಆ ಪ್ರಶ್ನೆಯನ್ನು ಪುನಾರಚಿಸುವುದೇ ಇತಿಹಾಸಕಾರನ ಕೆಲಸ ಎಂಬುದು ಅದರ ತಿರುಳು.

ಕವಿರಾಜಮಾರ್ಗದ ‘ಕಾವೇರಿಯಿಂದಮಾ ಗೋದಾವರಿವರಮಿರ್ದ ನಾಡದಾ ಕನ್ನಡದೊಳ್’ ಎಂಬ ಪದ್ಯವನ್ನು ತೆಗೆದುಕೊಳ್ಳೋಣ. ಏಕೀಕರಣ ಚಳವಳಿಯ ಕಾಲದಿಂದ ನಾವು ಅದನ್ನು ‘ಕನ್ನಡ ನಾಡು ಎಷ್ಟು ವಿಶಾಲವಾಗಿತ್ತು’ ಎಂಬ ಪ್ರಶ್ನೆಗೆ ಉತ್ತರವೆಂದು ಓದುತ್ತ ಬಂದಿದ್ದೇವೆ. ಆ ಓದಿಗೂ ಅದರದೇ ಆದ ಇತಿಹಾಸವಿದೆ, ಘನತೆಯಿದೆ. ಆದರೆ ಸುತ್ತಲಿನ ಪದ್ಯಗಳನ್ನು ಬಿಡದೆ ಓದಿ. ಒಡನೆಯೇ ಗ್ರಂಥಕಾರನು ಆ ವಿಶಾಲ ನಾಡಿನೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡೇ ಕನ್ನಡದ ತಿರುಳು ಎಂದು ಗುರುತಿಸುತ್ತಾನೆ. ದೇಸಿ ಬೇರೆ ಬೇರೆಯಾಗಿರುವುದರಿಂದ ದೋಷಗಳನ್ನು ಇಂತಿಷ್ಟೇ ಎಂದು ವಾಸುಕಿಯೂ ಅರಿಯಲಾರದೆ ಬೇಸರಪಡುತ್ತಾನೆ ಎನ್ನುತ್ತಾನೆ. ಪುರಾತನ ಕಾವ್ಯಗಳಿಗೆ ಒಪ್ಪುತ್ತಿದ್ದ ಪಳಗನ್ನಡ ಈಗಿನ ಕಾವ್ಯಕ್ಕೆ ಒಪ್ಪುವುದೇ ಎಂದು ವಿಚಾರ ಮಾಡುತ್ತಾನೆ. ದಂಡಿಯ ಸಂಸ್ಕೃತ ಕಾವ್ಯಶಾಸ್ತ್ರಗ್ರಂಥವಾದ ಕಾವ್ಯಾದರ್ಶವನ್ನು ಎದುರಿಗಿಟ್ಟುಕೊಂಡು ಸಂಸ್ಕೃತ, ಕನ್ನಡ ಶಬ್ದಗಳನ್ನು ಎಲ್ಲಿ ಬೆಸೆಯಬಹುದು, ಎಲ್ಲಿ ಬೆಸೆಯಬಾರದು ಎಂದು ಸೂಕ್ಷ್ಮವಾಗಿ ಹೇಳುತ್ತಾನೆ. ಅಂದಮೇಲೆ ಅವನ ಎದುರಿಗಿದ್ದ ಪ್ರಶ್ನೆ ಇದು: ಇಷ್ಟು ಬಗೆಯ ಕನ್ನಡಗಳಿರುವಾಗ ಕವಿಯಾದವನು ಯಾವ ಕನ್ನಡದಲ್ಲಿ ಬರೆಯಬೇಕು? ಈ ಪ್ರಶ್ನೆ ಸಿಕ್ಕ ಮೇಲೆ ಕಾವೇರಿ ಗೋದಾವರಿಗಳು ಬಾವುಟದ ಮೇಲಿನ ನದಿಗಳಾಗಿ ಉಳಿಯುವುದಿಲ್ಲ, ಕಾವ್ಯಭಾಷೆಯ ಒಂದು ಸಮಸ್ಯೆಯ ಎಲ್ಲೆಗಳಾಗುತ್ತವೆ. ನಮಗೆ ಸಿಕ್ಕ ಅತಿ ಹಳೆಯ ಕನ್ನಡ ಗ್ರಂಥವೇ ತನಗಿಂತ ಹಳೆಯ ಕನ್ನಡವೊಂದನ್ನು ಹಿಂತಿರುಗಿ ನೋಡುತ್ತಿದೆ ಎಂಬ ಸಂಗತಿ ಯುಗವಿಭಜನೆ ಮಾಡುವ ನಮ್ಮೆಲ್ಲರನ್ನೂ ವಿನಯಕ್ಕೆ ತರಬೇಕು.

ಪಂಪನ ವಿಷಯದಲ್ಲಿ ಕಾಲಿಂಗ್‌ವುಡ್‌ರ ವಿಧಾನ ಎಷ್ಟು ದೂರ ಕೊಂಡೊಯ್ಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಕಾಣಬಹುದು. ‘ಬೆಳಗುವೆನಿಲ್ಲಿ ಲೌಕಿಕಮನಲ್ಲಿ ಜಿನಾಗಮಮಂ’ (ಇಲ್ಲಿ, ವಿಕ್ರಮಾರ್ಜುನ ವಿಜಯದಲ್ಲಿ, ಲೋಕದ ಬದುಕನ್ನು, ಅಲ್ಲಿ, ಆದಿಪುರಾಣದಲ್ಲಿ, ಜೈನಶಾಸ್ತ್ರವನ್ನು ಬೆಳಗುವೆ) ಎನ್ನುವ ಪಂಪನೇ ತನ್ನ ಎರಡು ಕೃತಿಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರಗಳೆಂದು ಹೇಳಿಬಿಟ್ಟಿದ್ದಾನೆ. ಹಾಗಿರುವಾಗ ಎರಡನ್ನೂ ಒಟ್ಟಿಗೆ ‘ಜೈನಯುಗ’ ಎಂಬ ಒಂದೇ ತಲೆಬರಹದ ಕೆಳಗೆ ತಂದರೆ ಕವಿಯೇ ಎಳೆದ ಗೆರೆಯನ್ನು ಅಳಿಸಿದಂತಾಗುತ್ತದೆ. ವಿಕ್ರಮಾರ್ಜುನ ವಿಜಯದ ಪ್ರಶ್ನೆ ವ್ಯಾಸರ ಕಥೆಯಲ್ಲಿ ಅರಿಕೇಸರಿಯನ್ನು ಅರ್ಜುನನಾಗಿ ನಿಲ್ಲಿಸುವುದು ಹೇಗೆ ಎಂಬುದು. ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾಗುವುದು, ಕೊನೆಯಲ್ಲಿ ಅರ್ಜುನನಿಗೆ ಸುಭದ್ರೆಯೊಡನೆ ಪಟ್ಟವಾಗುವುದು ಈ ಪ್ರಶ್ನೆಯಿಂದ ತಿಳಿಯಾಗುತ್ತವೆ. ಆದರೆ ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ಒಂದೇ ಚಿತ್ತದಿಂದ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಅದೇ ಕವಿ ಹೇಳಿದ್ದಾನಲ್ಲ, ಆ ಪದ್ಯ ಅರಿಕೇಸರಿಯ ಆಸ್ಥಾನದ ಯಾವ ಪ್ರಶ್ನೆಗೆ ಉತ್ತರ? ಕಥಾನಾಯಕನ ಎದುರಾಳಿಯನ್ನು ಎತ್ತಿಹಿಡಿದ ಆ ಮಾತು ಅಂದಿನ ಪ್ರಶ್ನೆಯ ಅಂಕೆಯನ್ನು ಮೀರಿ ಈಚಿನ ಓದುಗರ ಕಡೆಗೆ ಹರಿಯಿತು. ಮಹಾಕಾವ್ಯದ ಉತ್ತರ ತನ್ನ ಕಾಲದ ಪ್ರಶ್ನೆಗಿಂತ ದೊಡ್ಡದಾಗಿರಬಹುದು. ಅಲ್ಲಿಗೆ ಕೃತಿ ಹುಟ್ಟಿದ ಗಳಿಗೆಯ ಚರಿತ್ರೆ ಸಾಲದೆ ಹೋಗಿ, ಅದನ್ನು ಓದಿಕೊಂಡು ಬಂದ ಚರಿತ್ರೆ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಲೌಕಿಕ, ಜಿನಾಗಮಗಳ ಗೆರೆಯ ಮಾತು ನನ್ನ ಪಾಠದ ಕ್ರಮವನ್ನೇ ಬದಲಿಸುವಂಥದು.

ಎರಡು ಸಂದೇಹಗಳು ಉಳಿದಿವೆ. ಎಲ್ಲ ವಿಭಜನೆಗಳೂ ಯಾರದೋ ಕಾಲದ, ಯಾರದೋ ನಿಲುವಿನ ಮಾತುಗಳೆಂದು ತರಗತಿಯಲ್ಲಿ ಹೇಳಿದರೆ, ‘ಹಾಗಾದರೆ ಅವರವರ ಅಭಿಪ್ರಾಯ ಅವರವರಿಗೆ’ ಎಂಬ ತೀರ್ಮಾನಕ್ಕೆ ವಿದ್ಯಾರ್ಥಿಗಳು ತಟ್ಟನೆ ಬಂದುಬಿಡುತ್ತಾರೆ. ಅದು ಅಧ್ಯಯನದ ಕೊನೆ. ಇನ್ನೊಂದು, ವಚನಗಳ ಸ್ಥಾನ. ಅವನ್ನು ಹನ್ನೆರಡನೆಯ ಶತಮಾನದ ಅಧ್ಯಾಯದಲ್ಲಿ ಹೇಳುತ್ತೇವೆ. ಆದರೆ ವಚನಗಳನ್ನು ನಾವು ಪಡೆದಿರುವುದು ಹದಿನೈದನೆಯ ಶತಮಾನದ ಮತ್ತು ಅದರಿಂದೀಚಿನ ಸಂಕಲನಕಾರರ ಕೈಯಿಂದ; ಆಧುನಿಕ ಓದುಗರ ಮುಂದೆ ಅವು ವ್ಯಾಪಕವಾಗಿ ಬಂದದ್ದು ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಮೇಲೆ. ಅವು ಯಾವ ಯುಗಕ್ಕೆ ಸೇರಿದವು?

ಉತ್ತರ 4: ಭಾರತೀಯ ದರ್ಶನಗಳ ವಿದ್ಯಾರ್ಥಿ, ಮೂಡುಬಿದಿರೆ

ಮೇಡಂ, ಮೊದಲ ಸಂದೇಹಕ್ಕೆ ಉತ್ತರವನ್ನು ನಿಮ್ಮ ಪಠ್ಯದಲ್ಲಿರುವ ಕವಿಗಳೇ ನಮಿಸಿದ ಆಚಾರ್ಯರೊಬ್ಬರಲ್ಲಿ ಹುಡುಕಬಹುದು. ಹಳಗನ್ನಡದ ಜೈನಕವಿಗಳು ಕೃತಿಯ ಆರಂಭದಲ್ಲಿ ಸಮಂತಭದ್ರ, ಕವಿಪರಮೇಷ್ಠಿ, ಪೂಜ್ಯಪಾದರನ್ನು ಸ್ಮರಿಸುವುದು ವಾಡಿಕೆ. ಆ ಸಮಂತಭದ್ರರ ಆಪ್ತಮೀಮಾಂಸೆಯಲ್ಲಿ ‘ನಿರಪೇಕ್ಷಾ ನಯಾ ಮಿಥ್ಯಾ’ ಎಂಬ ಮಾತು ಬರುತ್ತದೆ. ವಸ್ತು ಅನೇಕ ಧರ್ಮಗಳುಳ್ಳದ್ದು. ಒಂದೊಂದು ನಯ, ಅಂದರೆ ನೋಡುವ ಒಂದೊಂದು ದೃಷ್ಟಿ, ಅದರ ಒಂದು ಮುಖವನ್ನು ಹಿಡಿಯುತ್ತದೆ. ಬೇರೆ ಮುಖಗಳ ಅಪೇಕ್ಷೆಯಿಲ್ಲದೆ ತಾನೇ ಪೂರ್ಣವೆಂದು ಹೊರಟ ನಯ ಮಿಥ್ಯೆಯಾಗುತ್ತದೆ, ಉಳಿದವುಗಳೊಡನೆ ಅಪೇಕ್ಷೆಯಿಟ್ಟುಕೊಂಡ ನಯ ಕಾರ್ಯಕಾರಿಯಾಗುತ್ತದೆ. ಇದನ್ನು ಎಲ್ಲವೂ ಸರಿ ಎಂಬ ಉದಾರತೆ ಎಂದು ತಿಳಿಯುವುದು ತೀರ ತಪ್ಪು. ನಯ ಮತ್ತು ದುರ್ನಯಗಳ ನಡುವೆ ಜೈನ ತಾರ್ಕಿಕರು ಬಹಳ ಕಟ್ಟುನಿಟ್ಟಾದ ಗೆರೆ ಎಳೆಯುತ್ತಾರೆ: ಇನ್ನೊಂದು ನಯ ತೋರಿಸುವುದನ್ನು ಇಲ್ಲವೆನ್ನುವ ನಯ ದುರ್ನಯ.

ಅವರು ಎಣಿಸುವ ಏಳು ನಯಗಳಲ್ಲಿ ಮೂರನ್ನು ನೋಡಿ. ಸಂಗ್ರಹನಯ ಅನೇಕ ವಸ್ತುಗಳನ್ನು ಒಂದು ಸಾಮಾನ್ಯದಲ್ಲಿ ಕೂಡಿಸಿ ಕಾಣುತ್ತದೆ. ಯುಗ ಎನ್ನುವುದು ಅಂಥ ನೋಟ. ವ್ಯವಹಾರನಯ ಹಾಗೆ ಕೂಡಿಸಿದ್ದನ್ನು ಭೇದಗಳಾಗಿ ಬಿಡಿಸುತ್ತದೆ. ಪಂಪನ ಲೌಕಿಕ, ಜಿನಾಗಮಗಳ ವಿಂಗಡಣೆ ಅಂಥದು. ಋಜುಸೂತ್ರನಯ ವರ್ತಮಾನ ಕ್ಷಣದ ಪರ್ಯಾಯವನ್ನಷ್ಟೇ (ವಸ್ತುವಿನ ಆ ಕ್ಷಣದ ಅವಸ್ಥೆಯನ್ನಷ್ಟೇ) ಹಿಡಿಯುತ್ತದೆ; ಒಂದು ಪದ್ಯ ತನ್ನ ಗಳಿಗೆಯಲ್ಲಿ ಯಾವ ಪ್ರಶ್ನೆಗೆ ಉತ್ತರವಾಗಿತ್ತು ಎಂದು ಶಿವಮೊಗ್ಗದವರು ಕೇಳಿದ್ದು ಅದಕ್ಕೆ ಹತ್ತಿರದ್ದು. ಹೀಗಾಗಿ ‘ಜೈನಯುಗ’ ಎಂಬುದನ್ನು ಅಳೆಯುವ ಬಗೆ ಇದು: ಹತ್ತನೆಯ ಶತಮಾನದ ಪೋಷಣೆ, ಛಂದಸ್ಸು, ಪುರಾಣವಸ್ತುಗಳ ಬಗ್ಗೆ ಅದು ಏನನ್ನೋ ತೋರಿಸುತ್ತದೆ, ಆದ್ದರಿಂದ ಅದು ನಯ, ದುರ್ಗಸಿಂಹ ತನ್ನ ಪಂಚತಂತ್ರದ ಆರಂಭದಲ್ಲಿ ಪಂಪ, ಪೊನ್ನರಂಥ ಜೈನಕವಿಗಳನ್ನು ತನ್ನ ಹಿರಿಯರೆಂದು ಸ್ಮರಿಸುವುದನ್ನು ಅದು ಕಾಣಲಾರದೆ ಹೋದಾಗ, ಅಥವಾ ಅಪವಾದವೆಂದು ತಳ್ಳಿದಾಗ, ಅದು ದುರ್ನಯ. ಮತಭೇದವನ್ನು ದಾಟಿ ಆ ಕವಿ ಒಂದು ಕಾವ್ಯಕುಲವನ್ನು ಗುರುತಿಸಿಕೊಂಡಿದ್ದ. ಅದನ್ನು ಕಾಣಿಸದ ವಿಭಜನೆ, ಕಾಣಿಸುವ ವಿಭಜನೆಗಿಂತ ನಿಶ್ಚಯವಾಗಿ ಕೀಳು. ಎಲ್ಲ ಅಭಿಪ್ರಾಯಗಳೂ ಸಮಾನವಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳಲು ಇಷ್ಟು ಆಧಾರ ಸಾಕು.

ವಚನಗಳ ಪ್ರಶ್ನೆ ಹೆಚ್ಚು ಆಳದ್ದು, ನನಗೆ ಹೆಚ್ಚು ಪ್ರಿಯವಾದದ್ದೂ ಹೌದು. ಜರ್ಮನಿಯ ಗಾಡಮರ್ 1960ರ ತಮ್ಮ ಮಹಾಗ್ರಂಥದಲ್ಲಿ, ಅರ್ಥ ಎನ್ನುವುದು ಕೃತಿಯ ದಿಗಂತವೂ (ಅದರ ನೋಟದ ಎಲ್ಲೆಯೂ) ಓದುಗನ ದಿಗಂತವೂ ಕೂಡುವಲ್ಲಿ ಹುಟ್ಟುತ್ತದೆ ಎಂದರು. ಅವರ ಶಿಷ್ಯ ಯಾಉಸ್ 1967ರಲ್ಲಿ ಆ ವಿಚಾರವನ್ನು ಸಾಹಿತ್ಯ ಚರಿತ್ರೆಗೆ ತಂದು, ಕೃತಿಗಳ ಹುಟ್ಟಿನ ಕ್ರಮದ ಜೊತೆಗೆ ಓದುಗರ ನಿರೀಕ್ಷೆಗಳ ಚರಿತ್ರೆಯನ್ನೂ ಬರೆಯಬೇಕೆಂದರು. ಈ ಮಾತಿಗೆ ಶೂನ್ಯಸಂಪಾದನೆಗಿಂತ ಒಳ್ಳೆಯ ನಿದರ್ಶನ ಯುರೋಪಿನಲ್ಲೂ ಸಿಗುವುದು ಕಷ್ಟ. ಶಿವಗಣಪ್ರಸಾದಿ ಮಹಾದೇವಯ್ಯ ಹದಿನೈದನೆಯ ಶತಮಾನದಲ್ಲಿ ಬಿಡಿ ವಚನಗಳನ್ನು ಅಲ್ಲಮಪ್ರಭುವಿನ ಸುತ್ತ ಸಂವಾದಗಳಾಗಿ ಜೋಡಿಸಿದ. ಆಮೇಲೆ ಬಂದ ಹಲಗೆಯಾರ್ಯ, ಸಿದ್ಧರಾಮನಿಗೆ ಲಿಂಗದೀಕ್ಷೆಯಾದ ಪ್ರಸಂಗ ಮೊದಲ ಸಂಕಲನದಲ್ಲಿ ಇಲ್ಲದ್ದನ್ನು ಒಪ್ಪದೆ, ಅದನ್ನು ಸೇರಿಸಿ ಪರಿಷ್ಕರಿಸಿದ. ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯರು ಮತ್ತೆ ಪರಿಷ್ಕರಿಸಿದರು. ಹನ್ನೆರಡನೆಯ ಶತಮಾನದಲ್ಲಿ ಏನಾಯಿತು ಎಂಬುದರ ಬಗ್ಗೆ ಭಿನ್ನಾಭಿಪ್ರಾಯವೊಂದು ನಾಲ್ಕು ಗ್ರಂಥಗಳಾಗಿ ನಮ್ಮ ಎದುರಿಗಿದೆ. ಇವರು ಸಂಕಲನಕಾರರು ಮಾತ್ರವಲ್ಲ, ನಮಗಿಂತ ಮೊದಲಿನ ಸಾಹಿತ್ಯ ಚರಿತ್ರಕಾರರು, ಅದೂ ಒಂದು ದರ್ಶನವನ್ನು ಸ್ಪಷ್ಟವಾಗಿ ಹಿಡಿದು ಬರೆದವರು.

ಆದ್ದರಿಂದ ವಚನಗಳು ಯಾವ ಯುಗಕ್ಕೆ ಸೇರಿದವು ಎಂಬುದಕ್ಕೆ ಮೂರು ಅಧ್ಯಾಯಗಳಲ್ಲಿ ಉತ್ತರಿಸುವುದೇ ನ್ಯಾಯ. ಹನ್ನೆರಡನೆಯ ಶತಮಾನದಲ್ಲಿ ಶರಣರ ನುಡಿಯಾಗಿ. ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ವೀರಶೈವ ಸಂನ್ಯಾಸಿಗಳ ವಿರಕ್ತ ಪರಂಪರೆ ಅವನ್ನು ಶಾಸ್ತ್ರವಾಗಿ ಕಟ್ಟಿದ ಬಗೆಯಾಗಿ. 1923ರ ಈಚೆಗೆ ಅವು ಆಧುನಿಕ ಕನ್ನಡದ ಕಾವ್ಯವಾಗಿ, ಸಮಾಜವಿಚಾರವಾಗಿ ಓದಿಸಿಕೊಂಡ ಚರಿತ್ರೆಯಾಗಿ. ಗದುಗಿನ ಭಾರತದ ಮಾತೂ ಹೀಗೆಯೇ. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ನಾಡು ಎಡೆಬಿಡದೆ ಕೇಳಿಕೊಂಡು ಬಂತು. ಅವನಿಗಿಂತ ಶತಮಾನಗಳಷ್ಟು ಹಿಂದಿನ ಪಂಪನ ಭಾರತ ಸಾಮಾನ್ಯ ಓದುಗರ ಕೈಗೆ ಬಂದದ್ದು ಅಚ್ಚಾದ ಮೇಲೆ. ಬರೆದ ಕ್ರಮದಲ್ಲಿ ಪಂಪ ಮೊದಲು, ಆಧುನಿಕ ಕನ್ನಡಿಗನ ಓದಿನ ಕ್ರಮದಲ್ಲಿ ಕುಮಾರವ್ಯಾಸ ಮೊದಲು. ಎರಡು ಕ್ರಮಗಳನ್ನೂ ಹೇಳದ ಚರಿತ್ರೆ ಅಪೂರ್ಣ.

ಉತ್ತರ 5: ಗ್ರಂಥಸಂಪಾದನೆಯಲ್ಲಿ ನಿರತನಾದ ಓದುಗ, ಬೆಂಗಳೂರು

ಶೂನ್ಯಸಂಪಾದನೆಗಳ ಬಗ್ಗೆ ಮೂಡುಬಿದಿರೆಯವರು ಹೇಳಿದ್ದನ್ನು ಸಂಪೂರ್ಣವಾಗಿ ಒಪ್ಪುತ್ತೇನೆ. ಸಂಪಾದಕನಿಗೆ ಪಾಠಾಂತರವಾಗಿ ಕಾಣುವುದು ಚರಿತ್ರಕಾರನಿಗೆ ವಾದವಾಗಿ ಕಾಣುತ್ತದೆ, ಎರಡೂ ದೃಷ್ಟಿಗಳು ಬೇಕು. ನಯವಾದದ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಇರಲಿ: ಸಮಂತಭದ್ರರ ಚರ್ಚೆ ದ್ರವ್ಯದ ಸ್ವರೂಪವನ್ನು ಕುರಿತದ್ದು, ಸಾಹಿತ್ಯದ ಕಾಲವಿಭಾಗಕ್ಕೆ ಅದನ್ನು ಅನ್ವಯಿಸುತ್ತಿರುವವರು ನಾವು. ಹಾಗೆಂದು ಹೇಳಿಯೇ ಅನ್ವಯಿಸಿದರೆ ತೊಂದರೆಯಿಲ್ಲ.

ಮೇಡಂ, ತರಗತಿಗೆ ಒಂದು ಸಲಹೆ. ಯುಗವಿಭಜನೆಯ ಪಾಠಕ್ಕೆ ಮೊದಲು ಮೂರು ಭಾಗಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡಿ: ಕವಿರಾಜಮಾರ್ಗ ಹಿಂದಿನ ಗದ್ಯಪದ್ಯಕಾರರನ್ನು ಹೆಸರಿಸುವ ಪದ್ಯಗಳು, ರನ್ನನ ರತ್ನತ್ರಯದ ಪದ್ಯ, ದುರ್ಗಸಿಂಹನ ಪೂರ್ವಕವಿಸ್ಮರಣೆ. ಪ್ರತಿಯೊಬ್ಬನೂ ಯಾರನ್ನು ಸೇರಿಸಿಕೊಂಡಿದ್ದಾನೆ, ಯಾರನ್ನು ಬಿಟ್ಟಿದ್ದಾನೆ ಎಂದು ಅವರೇ ಪಟ್ಟಿ ಮಾಡಲಿ. ಮುಗಳಿಯವರ ಪುಟಗಳನ್ನು ಅದಾದ ಮೇಲೆ ತೆರೆಯಿರಿ. ಪದ್ಯಗಳನ್ನು ಗೈಡುಗಳಿಂದ ತೆಗೆದುಕೊಳ್ಳದೆ, ಪಾಠಾಂತರಗಳನ್ನು ಕೊಟ್ಟಿರುವ ಶಾಸ್ತ್ರೀಯ ಆವೃತ್ತಿಗಳಿಂದಲೇ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.